ನನಗೆ ಕಲಿಸದ ಹೆಣಿಗೆ

ಮಾವಶಿಯ ಬಲಗಾಲಿನ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಸಂಗ ಬಿಟ್ಟು ಪಕ್ಕಕ್ಕೆ ಸರಿದು ನಿಂತಿತ್ತು. ನಡುವಿನ ಸಂದಿಯಲ್ಲಿ ಕೈಯ ಎರಡು ಬೆರಳು ಸಲೀಸಾಗಿ ತೂರುತ್ತಿದ್ದವು. ಹುಟ್ಟಿನಿಂದ ಬಂದದ್ದಲ್ಲ ಅದು. ಚರ್ಮದ ಸಣ್ಣ ಎಳೆಗಳ ತುದಿಯನ್ನು ಆ ಸಂದಿಗೆ ಸಿಕ್ಕಿಸಿ, ಕಾಲು ಚಾಚಿ ಬಿಗಿ ಹಿಡಿದು, ಎರಡೂ ಕೈಯಿಂದ ಹೆಣೆಯುತ್ತ ಕುಳಿತು ಕುಳಿತು ನಲವತ್ತು ವರ್ಷದಲ್ಲಿ ಬೆರಳು ಹಾಗಾಗಿತ್ತು. ಒಳಬದಿಯ ಚರ್ಮ ಎಮ್ಮೆಯ ಕೊಂಬಿನ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು. ಅಂಗಡಿಯ ಯಾವ ಚಪ್ಪಲಿಯೂ ಆ ಕಾಲಿಗೆ ಹಿಡಿಸುತ್ತಿರಲಿಲ್ಲ. ತನ್ನ ಜೋಡನ್ನು ಅವಳು ಅಟ್ಟೆಯಿಂದ ಹಿಡಿದು ಹೆಬ್ಬೆರಳ ಉಂಗುರದವರೆಗೆ ತಾನೇ ಮಾಡಿಕೊಳ್ಳುತ್ತಿದ್ದಳು.

ಅವಳು ನನ್ನ ತಾಯಿಯ ತಂಗಿಯೇನಲ್ಲ. ಅಥಣಿಯಲ್ಲಿ ನಮ್ಮದು ಚಪ್ಪಲಿ ಮಾಡುವವರ ಓಣಿ. ಗಂಡಸರು ಅಟ್ಟೆ ಕತ್ತರಿಸಿ ಹೊಲಿಯುತ್ತಿದ್ದರು, ಮೇಲಿನ ಪಟ್ಟಿಯ ಹೆಣಿಗೆ ಹೆಂಗಸರ ಕೆಲಸ. ಆ ಹೆಂಗಸರಲ್ಲಿ ಹಿರಿಯಳಾದ ಅವಳನ್ನು ಇಡೀ ಓಣಿ ಮಾವಶಿ ಅನ್ನುತ್ತಿತ್ತು. ಉಳಿದವರು ಮೂರೆಳೆ, ಐದೆಳೆ ಹೆಣೆದರೆ ಮಾವಶಿ ಏಳೆಳೆ ಹೆಣೆಯುತ್ತಿದ್ದಳು. ಮೇಲಿನಿಂದ ನೋಡಿದರೆ ಕಾಳು ತುಂಬಿದ ಜೋಳದ ತೆನೆಯ ಹಾಗೆ. ಕೆಳಗೆ ಬೆರಳಾಡಿಸಿದರೆ ಒಂದೂ ಗಂಟು ಸಿಗುತ್ತಿರಲಿಲ್ಲ. ಹೊಸ ಚಪ್ಪಲಿ ಕಾಲು ಕಚ್ಚುವುದು ಒಳಗಿನ ಆ ಗಂಟಿನಿಂದಲೇ. ಮಾವಶಿಯ ಹೆಣಿಗೆ ಮೊದಲ ದಿನವೂ ಕಚ್ಚುತ್ತಿರಲಿಲ್ಲ. ಅದನ್ನು ಅವಳಿಗೆ ಅತ್ತೆ ಕಲಿಸಿದ್ದಳಂತೆ. ಅವಳು ಓಣಿಯ ಹುಡುಗಿಯರಿಗೆ ಕಲಿಸಿದಳು.

ಮಧ್ಯಾಹ್ನ ಬೇವಿನ ಗಿಡದ ನೆರಳಿಗೆ ಹೆಂಗಸರೆಲ್ಲ ಸಾಲಾಗಿ ಕೂರುತ್ತಿದ್ದರು. ಮಾವಶಿ ಬೈಯುವುದು ಕನ್ನಡದಲ್ಲಿ, ಎಳೆ ಎಣಿಸುವುದು ಮರಾಠಿಯಲ್ಲಿ. "ಏಕ, ದೋನ, ತೀನ" ಎಂದು ಅವಳು ಸಣ್ಣಗೆ ಗುನುಗುತ್ತ ಹೆಣೆಯುವಾಗ ಪಕ್ಕದವರ ಕೈಯೂ ತಾನಾಗಿ ಆ ಲಯಕ್ಕೆ ಬೀಳುತ್ತಿತ್ತು. ಯಾರೇ ಬಂದರೂ ಅವಳು ಮೊದಲು ನೋಡುತ್ತಿದ್ದುದು ಕಾಲನ್ನು. ಒಮ್ಮೆ ಜನಗಣತಿಗೆ ಬಂದ ಮಾಸ್ತರರು ಪುಸ್ತಕ ಬಿಚ್ಚುವ ಮೊದಲೇ, "ಎಡಗಾಲ ಮ್ಯಾಲ ಭಾರ ಹಾಕಿ ನಿಂದರ್ತೀರಿ. ಬಲಗಡೆ ಸೊಂಟ ನೋಯ್ತೈತೇನ್ರಿ?" ಎಂದು ಕೇಳಿದ್ದಳು. ನೋಯುತ್ತಿತ್ತು ಅವರಿಗೆ. ಬಂದ ಕೆಲಸ ಬಿಟ್ಟು ಅರ್ಧ ಗಂಟೆ ಸೊಂಟದ ಕತೆ ಹೇಳಿಕೊಂಡು ಕೂತರು.

ಓಣಿಯ ಎಲ್ಲ ಹುಡುಗಿಯರಿಗೆ ಕಲಿಸಿದ ಆ ಹೆಣಿಗೆಯನ್ನು ಮಾವಶಿ ನನಗೊಬ್ಬಳಿಗೆ ಕಲಿಸಲಿಲ್ಲ.

ನನಗಾಗ ಹನ್ನೆರಡೊ ಹದಿಮೂರೊ. ನನ್ನ ಓರಗೆಯವರೆಲ್ಲ ಕಾಲು ಚಾಚಿ ಕೂತು ಏಳೆಳೆ ಹಿಡಿದಿದ್ದರು. ನಾನು ಕೇಳಿದಾಗಲೆಲ್ಲ ಅವಳು ಕೇಳಿಸದವಳಂತೆ ಇರುತ್ತಿದ್ದಳು. ಒಂದು ದಿನ ಅವಳು ನೀರು ತರಲು ಹೋದಾಗ ನಾನೇ ಎಳೆಗಳನ್ನು ಕಾಲಿಗೆ ಸಿಕ್ಕಿಸಿಕೊಂಡು, ನೋಡಿ ನೆನಪಿಟ್ಟ ಹಾಗೆ ಒಂದು ಗೇಣು ಹೆಣೆದೆ. ಮಾವಶಿ ಬಂದು ಕೊಡ ಇಳಿಸಿದಳು. ಹೆಣಿಗೆಯನ್ನು ಕೈಗೆ ತೆಗೆದುಕೊಂಡು ಮಗುಚಿ ನೋಡಿದಳು. ಆಮೇಲೆ ಒಂದೊಂದೇ ಎಳೆ ಬಿಚ್ಚಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಳು. ನಾನು ಅಳತೊಡಗಿದೆ.

"ಚಲೋ ಹೆಣದಿದ್ದಿ," ಅಂದಳು. "ಅದಕ್ಕ ಬಿಚ್ಚೀನಿ. ಒಮ್ಮೆ ಕೈಗೆ ಹತ್ತಿದ್ರ ಬಿಡೂದಿಲ್ಲ ಇದು. ಓಣ್ಯಾಗ ಹೆಣ್ಯಾಕ ನಾವು ಇಷ್ಟ ಮಂದಿ ಅದೀವಿ. ಇಂಗ್ಲಿಷ್ ಕಾಗದಾ ಓದಾಕ ಒಬ್ಬಾಕಿನೂ ಇಲ್ಲ. ವ್ಯಾಪಾರದವ್ರು ಏನ ಬರಕೊಂಡ ಬರ್ತಾರೋ, ನಾವು ಎಲ್ಲಿ ಹೆಬ್ಬಟ್ಟ ಒತ್ತತೀವೋ ದೇವರಿಗೇ ಗೊತ್ತು. ನೀ ಓದು. ಎದ್ದ ಹೋಗು."

ಅಂದಿನಿಂದ ಓಣಿಗೆ ಯಾವ ಕಾಗದ ಬಂದರೂ ಅವಳು ನನ್ನ ಕೈಗೆ ಕೊಡುತ್ತಿದ್ದಳು. ಕರೆಂಟಿನ ಬಿಲ್ಲು, ಔಷಧದ ಬಾಟಲಿ, ಪಂಚಾಯ್ತಿಯ ನೋಟೀಸು, ಎಲ್ಲವನ್ನೂ ನಾನು ಜೋರಾಗಿ ಓದಬೇಕು, ಅವಳು ಹೆಣೆಯುತ್ತ ಕೇಳಬೇಕು. ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಕೊಲ್ಹಾಪುರ ಕಡೆಯ ಒಬ್ಬ ವ್ಯಾಪಾರಿ ಅಚ್ಚು ಮಾಡಿಸಿದ ಇಂಗ್ಲಿಷ್ ಕಾಗದ ತಂದ. ಕಾರೀಗರರಿಗೆ ಗುರುತಿನ ಚೀಟಿ ಮಾಡಿಸುವುದಕ್ಕೆ ಅಂದ. ಹೆಂಗಸರು ಹೆಬ್ಬೆರಳಿಗೆ ಮಸಿ ಹಚ್ಚಿಕೊಳ್ಳಲು ಎದ್ದರು. ಮಾವಶಿ ಅವನನ್ನು ಕೂರಿಸಿ ಚಹಾ ಕೊಟ್ಟಳು. "ನಮ್ಮ ಹುಡುಗಿ ಒಮ್ಮೆ ಓದ್ಲಿ, ಆಮ್ಯಾಲ ಒತ್ತೂನು" ಅಂದಳು. ನಾನು ಶಾಲೆಯ ಡಿಕ್ಷನರಿ ತಂದು ಒಂದೊಂದು ಶಬ್ದ ಹುಡುಕುತ್ತ ಕೂತೆ. ಅವನು ಎರಡನೆಯ ಚಹಾ ಕುಡಿದ, ಗಡಿಯಾರ ನೋಡಿದ, ಬಸ್ಸು ತಪ್ಪುತ್ತದೆ ಅಂದ. ಓಣಿಯವರು ಮಾಡಿದ ಮಾಲನ್ನು ಅವನೊಬ್ಬನಿಗೆ ಬಿಟ್ಟು ಬೇರೆ ಯಾರಿಗೂ ಕೊಡಕೂಡದು ಎಂದು ಆ ಕಾಗದದಲ್ಲಿತ್ತು. ನಾನು ಓದಿ ಹೇಳಿದೆ. ಮಾವಶಿ ಕಾಗದವನ್ನು ಮಡಚಿ ಅವನ ಕೈಗೆ ಕೊಟ್ಟು, "ಬಸ್ ಐತಿ ಅಂದ್ರೆಲ್ಲ, ಹೊಂಡ್ರಿ" ಅಂದಳು. ಆ ಸಂಜೆ ಅವಳು ಓಣಿಯ ಮನೆಮನೆಗೆ ನನ್ನನ್ನು ಕರೆದುಕೊಂಡು ಹೋದಳು. ನನ್ನ ಹೆಗಲ ಮೇಲೆ ಕೈಯಿಟ್ಟುಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದಳು.

ಬಿ.ಕಾಂ. ಮುಗಿಸಿ ನಾನು ನಿಪ್ಪಾಣಿಯಲ್ಲಿ ಚಪ್ಪಲಿಗಳನ್ನು ಹೊರದೇಶಕ್ಕೆ ಕಳಿಸುವ ಒಬ್ಬ ಸಾಹುಕಾರರ ಆಫೀಸು ಸೇರಿದೆ. ಹೊರಗಿನಿಂದ ಬರುವ ಪತ್ರಗಳನ್ನು ಓದುವುದು, ಉತ್ತರ ಬರೆಯುವುದು ನನ್ನ ಕೆಲಸ. ನಮ್ಮ ಓಣಿಯ ಮಾಲು ನನ್ನ ಕೈಯಿಂದಲೇ ಹೋಗುತ್ತಿತ್ತು. ಮಾವಶಿಯ ಏಳೆಳೆಗೆ ಬೇಡಿಕೆ ಹೆಚ್ಚಿತು. ನಾನು ಅಥಣಿಗೆ ಹೋದಾಗಲೆಲ್ಲ ಅವಳು ಹೆಣಿಗೆ ಕೆಳಗಿಟ್ಟು, "ಬಂದ್ಯಾ ಬೇ? ಕುಂದ್ರು. ಯಾವ ದೇಶದವರು ಏನ ಬರದಾರ, ಹೇಳು" ಅನ್ನುತ್ತಿದ್ದಳು. ಇಟಲಿ, ಜಪಾನು ಎಂದರೆ ಅವಳಿಗೆ ಅಂಕಲಿ, ಮಾಂಜರಿಯ ಹಾಗೆ, ನದಿ ದಾಟಿದರೆ ಸಿಗುವ ಊರುಗಳು.

ಕೊರೊನಾ ಬರುವ ಹಿಂದಿನ ವರ್ಷ ಚೀನಾದ ಗ್ವಾಂಗ್‌ಝೌ ಎಂಬ ಊರಿನ ಒಂದು ಕಂಪನಿಯಿಂದ ಪತ್ರ ಬಂತು. ಅಲ್ಲಿ ದೊಡ್ಡ ವ್ಯಾಪಾರ ಮೇಳ ನಡೆಯುತ್ತದೆ. ಏಳೆಳೆ ಹೆಣೆಯುವ ಹೆಂಗಸನ್ನು ಕರೆತಂದು ಎರಡು ದಿನ ಮೇಳದಲ್ಲಿ ಕೂರಿಸಿ ಜನರಿಗೆ ತೋರಿಸಿ ಎಂದು ಮೊದಲ ಎರಡು ಪ್ಯಾರಾದಲ್ಲಿತ್ತು. ಮೂರನೆಯ ಪ್ಯಾರಾದಲ್ಲಿ, ಮೂರನೆಯ ದಿನ ಆಕೆ ನಮ್ಮ ಕಾರ್ಖಾನೆಗೆ ಬಂದು ನಮ್ಮ ಕೆಲಸಗಾರರಿಗೆ ಹೆಣಿಗೆಯನ್ನು ಮೊದಲಿನಿಂದ ಕೊನೆಯವರೆಗೆ ಕಲಿಸಬೇಕು, ಅದನ್ನು ವಿಡಿಯೊ ಮಾಡಿಕೊಳ್ಳುತ್ತೇವೆ ಎಂದಿತ್ತು.

ನಾನು ಸಾಹುಕಾರರ ಮುಂದೆ ಪತ್ರ ಇಟ್ಟೆ. "ಈ ಮೂರನೇದು ಮಾವಶಿಗೆ ಹೇಳಬೇಕಲ್ರಿ," ಅಂದೆ.

"ಹೇಳಿದ್ರ ಆಕಿ ಬರ್ತಾಳೇನು?"

"ಬರೂದಿಲ್ರಿ."

"ಮತ್ತ ಯಾಕ ಹೇಳತಿ? ನಲವತ್ತ ವರ್ಷದ ಕೈ ಅದು. ಒಂದ ದಿನದಾಗ ಯಾರ ಕಲೀತಾರ? ನೋಡ್ತಾರ, ಫೋಟೋ ಹೊಡೀತಾರ, ಚಾ ಕುಡಸ್ತಾರ, ಮುಗೀತು." ಆಮೇಲೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಅಂದರು: "ಕೊಲ್ಹಾಪುರದಾಗ ಹೊಸಾ ಆಫೀಸ ತಗ್ಯಾಕತ್ತೀನಿ. ಅದನ್ನ ನೋಡಕೊಳ್ಳಾಕಿ ನೀನ. ವಿಚಾರ ಮಾಡು."

ನಾನು ಹೆಚ್ಚು ವಿಚಾರ ಮಾಡಲಿಲ್ಲ. 'ಆಗಲಿ' ಎಂದು ಉತ್ತರ ಬರೆದು ಕಳಿಸಿದೆ. ಒಂದು ದಿನದಲ್ಲಿ ಯಾರೂ ಕಲಿಯಲಾರರು ಎಂಬ ಅವರ ಮಾತನ್ನು ನನ್ನ ಮಾತನ್ನಾಗಿ ಮಾಡಿಕೊಂಡೆ.

ಅಥಣಿಗೆ ಹೋಗಿ ವಿಷಯ ಹೇಳಿದಾಗ ಬೇವಿನ ಗಿಡದ ಕೆಳಗೆ ಕೂತ ಹೆಂಗಸರೆಲ್ಲ ನಕ್ಕರು. ಮಾವಶಿ ನಗಲಿಲ್ಲ. "ಕಾಗದ ತಂದೀಯೇನ? ಓದು," ಅಂದಳು. ನಾನು ಮೊದಲ ಎರಡು ಪ್ಯಾರಾ ಓದಿ ಕನ್ನಡದಲ್ಲಿ ಹೇಳಿದೆ. ಮೇಳ ಎಷ್ಟು ದೊಡ್ಡದು, ಯಾವ ಯಾವ ದೇಶದವರು ಬರುತ್ತಾರೆ ಎಂದು ಅದರಲ್ಲಿ ಇಲ್ಲದ್ದನ್ನೂ ಸೇರಿಸಿದೆ.

"ಅಷ್ಟ ಏನ?"

"ಅಷ್ಟ," ಅಂದು ಕಾಗದ ಮಡಚಿ ಬ್ಯಾಗಿಗೆ ಹಾಕಿದೆ.

ಮಾವಶಿ ಹೊಸ ಇಳಕಲ್ ಸೀರೆ ಉಟ್ಟು, ತಾನೇ ಮಾಡಿದ ಏಳೆಳೆಯ ಜೋಡು ಮೆಟ್ಟಿ ಸಾಹುಕಾರರ ಮತ್ತು ನನ್ನ ಜೊತೆ ವಿಮಾನ ಹತ್ತಿದಳು. ಚೀನಾದಲ್ಲಿ ಇಳಿದ ಮೇಲೆ ಬೆರಳಚ್ಚು ತೆಗೆಯುವ ಯಂತ್ರದ ಮುಂದೆ ಅವಳನ್ನು ತಡೆದರು. ಹತ್ತು ಬೆರಳನ್ನೂ ಮತ್ತೆ ಮತ್ತೆ ಒತ್ತಿಸಿದರು. ಗಾಜಿನ ಮೇಲೆ ಏನೂ ಮೂಡಲಿಲ್ಲ. ಅಧಿಕಾರಿ ಒದ್ದೆ ಕಾಗದದಿಂದ ಅವಳ ಬೆರಳು ಒರೆಸಿದ, ಗಾಜು ಒರೆಸಿದ. ನಾನು ಇಂಗ್ಲಿಷಿನಲ್ಲಿ ವಿವರಿಸಲು ಒದ್ದಾಡುತ್ತಿದ್ದೆ. ಮಾವಶಿ ತನ್ನ ಬೆರಳ ತುದಿಗಳನ್ನು ಅವನ ಕಣ್ಣ ಹತ್ತಿರ ಹಿಡಿದು, "ಸವದಾವಪ್ಪಾ, ಎಲ್ಲಾ ಸವದಾವ," ಅಂದಳು. ಅವನು ಸ್ವಲ್ಪ ಹೊತ್ತು ಆ ಬೆರಳುಗಳನ್ನೇ ನೋಡಿ, ಯಾರಿಗೋ ಫೋನು ಮಾಡಿ, ಒಳಗೆ ಬಿಟ್ಟ.

ಮೇಳದ ಎರಡು ದಿನ ಅವಳು ಸುಖವಾಗಿದ್ದಳು. ಚಾಪೆಯ ಮೇಲೆ ಕಾಲು ಚಾಚಿ ಹೆಣೆಯುತ್ತಿದ್ದರೆ ಸುತ್ತ ಜನ ನಿಲ್ಲುತ್ತಿದ್ದರು. ಅವಳು ಅವರ ಕಾಲು ನೋಡಿ ನನಗೆ ಕನ್ನಡದಲ್ಲಿ ವರದಿ ಹೇಳುತ್ತಿದ್ದಳು: ಈತನಿಗೆ ಆಣಿ ಆಗೈತಿ, ಈಕಿ ತನ್ನ ಅಳತಿಗಿಂತ ಸಣ್ಣದು ಹಾಕ್ಯಾಳ, ಈ ಮುದುಕ ಮೊದಲ ಭಾಳ ನಡದಾನ.

ಮೂರನೆಯ ದಿನ ಬೆಳಿಗ್ಗೆ ವ್ಯಾನು ಬಂತು. ಒಂದು ತಾಸು ದೂರದ ಕಾರ್ಖಾನೆಯ ಒಂದು ಕೋಣೆಯಲ್ಲಿ ಚಾಪೆ ಹಾಸಿದ್ದರು. ಎದುರಿಗೆ ಆರು ಹುಡುಗಿಯರು ಬರಿಗಾಲಲ್ಲಿ ಕೂತಿದ್ದರು. ಮೂರು ಕಡೆ ಕಂಬಕ್ಕೆ ಕ್ಯಾಮೆರಾ ಸಿಕ್ಕಿಸಿದ್ದರು, ಒಂದು ಸರಿಯಾಗಿ ಮಾವಶಿಯ ಹೆಬ್ಬೆರಳ ಮೇಲೆ ಬರುವ ಹಾಗೆ. ಬಾಗಿಲಲ್ಲಿ ನಿಂತು ಮಾವಶಿ ಎಲ್ಲವನ್ನೂ ನೋಡಿದಳು. ನನ್ನ ಕಡೆ ತಿರುಗಿದಳು. ನಾನು ಕೈಯಲ್ಲಿದ್ದ ಫೈಲು ತೆರೆದು ಅದರಲ್ಲಿ ಏನೋ ಹುಡುಕಿದೆ. "ಸ್ವಲ್ಪ ತೋರಿಸ್ರಿ ಮಾವಶಿ, ಕಂಪನಿಯವರು ಕೇಳಾಕತ್ತಾರ," ಅಂದರು ಸಾಹುಕಾರರು.

ಅಲ್ಲೊಬ್ಬಳು ಹಿಂದಿ ಕಲಿತ ಚೀನೀ ಹುಡುಗಿ ಮಾತು ತಿಳಿಸುವುದಕ್ಕೆಂದು ಇದ್ದಳು. ಅವಳು ಮಾವಶಿಗೆ ಚಹಾ ತಂದುಕೊಟ್ಟು ಪಕ್ಕದಲ್ಲಿ ಕೂತು ಏನೇನೋ ಮಾತಾಡಿದಳು. ಮಾವಶಿಗೆ ಹಿಂದಿ ಅಷ್ಟಿಷ್ಟು ತಿಳಿಯುತ್ತಿತ್ತು. ಚಹಾದ ಬಟ್ಟಲು ಕೆಳಗಿಟ್ಟು ಮಾವಶಿ ಎದುರಿಗೆ ಕೂತ ಹುಡುಗಿಯರ ಬರಿಗಾಲುಗಳನ್ನು ನೋಡಿದಳು. ಆಮೇಲೆ ಸೀರೆಯ ನೆರಿಗೆ ಸರಿಸಿ ಕೂತಳು.

ಮಧ್ಯಾಹ್ನದವರೆಗೂ ಕಲಿಸಿದಳು. ಓಣಿಯ ಹುಡುಗಿಯರಿಗೆ ಕಲಿಸುತ್ತಿದ್ದ ಹಾಗೆಯೇ, ಎಳೆ ಒದ್ದೆ ಮಾಡುವುದರಿಂದ ಹಿಡಿದು. ಗಂಟು ಒಳಗೆ ಬೀಳದಂತೆ ಪ್ರತಿ ಸುತ್ತಿಗೆ ಎಳೆಯನ್ನು ಹೇಗೆ ಮಗುಚಬೇಕು ಎಂಬುದನ್ನು ನಾಲ್ಕು ಸಲ ನಿಧಾನವಾಗಿ ತೋರಿಸಿದಳು. ಒಬ್ಬ ಹುಡುಗಿಗೆ ಕಾಲಿನ ಹಿಡಿತ ಬರುತ್ತಿರಲಿಲ್ಲ. ಮಾವಶಿ ಅವಳ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಬೆರಳಿನ ನಡುವೆ ಎಳೆ ಕೂರಿಸಿದಳು. ಕಚಗುಳಿಯಾಗಿ ಆ ಹುಡುಗಿ ನಕ್ಕಳು. "ಏಕ, ದೋನ, ತೀನ" ಎಂದು ಮಾವಶಿ ಗುನುಗಿದರೆ ಆರು ಜನರೂ ತಮ್ಮ ಬಾಯಿಗೆ ಬಂದಂತೆ ಅದನ್ನೇ ಅನ್ನುತ್ತಿದ್ದರು. ಊಟದ ಹೊತ್ತಿಗೆ ಇಬ್ಬರ ಹೆಣಿಗೆಯ ಕೆಳಗೆ ನಾನು ಬೆರಳಾಡಿಸಿದೆ. ಗಂಟು ಸಿಗಲಿಲ್ಲ.

ಹೊರಡುವಾಗ ಅವಳ ಕಾಲಲ್ಲಿದ್ದ ಜೋಡನ್ನೂ ಕೇಳಿದರು. ಬಳಸಿದ ಚಪ್ಪಲಿಯಲ್ಲಿ ಹೆಣಿಗೆ ಎಲ್ಲಿ ಸವೆಯುತ್ತದೆ ನೋಡಬೇಕಂತೆ. ಮಾವಶಿ ಬಿಟ್ಟು ಕೊಟ್ಟಳು. ಅವರು ಪ್ಲಾಸ್ಟಿಕ್ ಚೀಲದಿಂದ ಬಿಳಿ ಬಟ್ಟೆಯ ತೆಳ್ಳನೆಯ ಸಪಾತಿ ತೆಗೆದುಕೊಟ್ಟರು, ಹೋಟೆಲಿನ ಕೋಣೆಯಲ್ಲಿ ಇಡುತ್ತಾರಲ್ಲ, ಅಂಥದ್ದು.

ಸಾಹುಕಾರರಿಗೆ ಅಲ್ಲಿನವರ ಜೊತೆ ಊಟವಿತ್ತು. "ಆಕಿನ್ನ ಬಜಾರಕ್ಕ ಕರಕೊಂಡ ಹೋಗು, ಮನಸಿಗೆ ಹಗರ ಆಗ್ಲಿ," ಎಂದು ನನಗೆ ಹೇಳಿ ಹೋದರು. ನಾವಿಬ್ಬರೂ ಬೀಜಿಂಗ್ ರಸ್ತೆಗೆ ಹೋದೆವು. ಊರು ಬೀಜಿಂಗ್ ಅಲ್ಲ, ರಸ್ತೆಯ ಹೆಸರಷ್ಟೇ ಅದು. ಗಾಡಿಗಳಿಗೆ ಪ್ರವೇಶವಿಲ್ಲದ, ನಡೆಯುವವರಿಗೇ ಬಿಟ್ಟ ಅಗಲವಾದ ಬೀದಿ. ಅಷ್ಟು ಜನ ಒಟ್ಟಿಗೆ ನಡೆಯುವುದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಅಂಗಡಿಗಳ ಬಾಗಿಲಲ್ಲಿ ಹುಡುಗ ಹುಡುಗಿಯರು ಸಾಲಾಗಿ ನಿಂತು ತಾಳ ಹಿಡಿದವರಂತೆ ಚಪ್ಪಾಳೆ ತಟ್ಟುತ್ತ ಗಿರಾಕಿಗಳನ್ನು ಕರೆಯುತ್ತಿದ್ದರು. ಒಂದು ಕಡೆಯಿಂದ ಹಾಡು, ಇನ್ನೊಂದು ಕಡೆಯಿಂದ ಬೇರೆ ಹಾಡು, ನಡುವೆ ಕಡ್ಡಿಗೆ ಚುಚ್ಚಿ ಸುಡುವ ಮಾಂಸದ ಹೊಗೆ. ಹುಡುಗಿಯರು ಐಸ್‌ಕ್ರೀಮು ಹಿಡಿದು ತಮ್ಮ ಫೋಟೊ ತಾವೇ ತೆಗೆದುಕೊಳ್ಳುತ್ತಿದ್ದರು. ಅಜ್ಜಂದಿರು ಮೊಮ್ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದರು. ಇಳಕಲ್ ಸೀರೆ ಉಟ್ಟ, ಕಾಲಲ್ಲಿ ಹೋಟೆಲಿನ ಸಪಾತಿ ಮೆಟ್ಟಿದ ಮಾವಶಿಯನ್ನು ಜನ ನಿಂತು ನೋಡಿ ಹೋಗುತ್ತಿದ್ದರು.

ನಾನು ಒಂದೇ ಸಮನೆ ಮಾತಾಡಿದೆ. ಅದು ನೋಡು, ಇದು ನೋಡು ಎಂದು ತೋರಿಸಿದೆ. ಕಬ್ಬಿನ ಹಾಲು ಮಾರುವವನು ಕಂಡಾಗ ಕೊಡಿಸಿದೆ. ಅಲ್ಲಿನ ಕಬ್ಬಿನ ಸಿಪ್ಪೆ ಕಪ್ಪು. ಮಾವಶಿ ಒಂದು ಗುಟುಕು ಕುಡಿದು, "ನಮ್ಮ ಕಬ್ಬಿನಷ್ಟ ಸಿಹಿ ಇಲ್ಲ," ಅಂದಳು. ಉಳಿದದ್ದನ್ನು ಕೈಯಲ್ಲೇ ಹಿಡಿದುಕೊಂಡು ನಡೆದಳು.

ಬೀದಿಯ ನಡುವೆ ಒಂದು ಕಡೆ ನೆಲಕ್ಕೆ ಗಾಜು ಹಾಕಿ, ಕೆಳಗೆ ಅಗೆದಾಗ ಸಿಕ್ಕ ಹಳೆಯ ರಸ್ತೆಗಳನ್ನು ಕಾಣುವ ಹಾಗೆ ಇಟ್ಟಿದ್ದರು. ಒಂದರ ಕೆಳಗೊಂದು, ನೂರಾರು ವರ್ಷಗಳ ಕಲ್ಲುಹಾಸು. ಎಲ್ಲರೂ ಅಂಗಡಿ ನೋಡುತ್ತಿದ್ದರೆ ನೆಲ ನೋಡಿ ನಡೆಯುವ ಮಾವಶಿಯ ಕಣ್ಣಿಗೆ ಅದು ಬಿತ್ತು. ನಾನು ಬೋರ್ಡು ಓದಿ ಹೇಳಿದೆ. ಅವಳು ಕಟಕಟೆ ಹಿಡಿದು ಬಹಳ ಹೊತ್ತು ಬಗ್ಗಿ ನೋಡಿದಳು.

"ಇಲ್ಲಿ ನಡದವ್ರು ಕಾಲಾಗ ಏನ ಹಾಕತಿದ್ರು?"

"ಅದನ್ನ ಬರದಿಲ್ಲ ಮಾವಶಿ."

"ರಸ್ತೆ ಮಾಡಿಸಿದ ರಾಜನ್ನ ಬರದಿರತಾರಲ್ಲ, ಮತ್ತ?"

ಬರೆದಿದ್ದರು.

ಅವಳ ಕಾಲ ಸಪಾತಿ ಆಗಲೇ ಹರಿಯತೊಡಗಿತ್ತು. ಒಂದು ಬೂಟಿನ ಅಂಗಡಿಗೆ ಬಲವಂತವಾಗಿ ಕರೆದೊಯ್ದೆ. ಅಂಗಡಿಯ ಹುಡುಗಿ ನೆಲಕ್ಕೆ ಮಂಡಿಯೂರಿ ಮಾವಶಿಯ ಪಾದವನ್ನು ಕೈಗೆತ್ತಿಕೊಂಡಳು. ಮೂರು ನಾಲ್ಕು ಅಳತೆಯವು ತಂದಳು. ಯಾವುದರೊಳಗೂ ಆ ಹೆಬ್ಬೆರಳು ಹೋಗಲೊಲ್ಲದು. ಹುಡುಗಿ ಇನ್ನೊಬ್ಬಳನ್ನು ಕರೆದಳು. ಇಬ್ಬರೂ ಸೇರಿ ಪಾದವನ್ನು ಒತ್ತಿ ನೋಡಿದರು. ಅವರು ನಗಲಿಲ್ಲ, ಬೇಸರಿಸಲಿಲ್ಲ. ನಮ್ಮ ಕಡೆ ದೊಡ್ಡ ಅಂಗಡಿಗಳಲ್ಲಿ ನಮ್ಮ ಕಾಲನ್ನು ಹಾಗೆ ಕೈಯಲ್ಲಿ ಹಿಡಿದವರನ್ನು ನಾನು ನೋಡಿಲ್ಲ. ಮಾವಶಿ ಆ ಹುಡುಗಿಯ ತಲೆ ಸವರಿ, "ಬಿಡವ್ವಾ, ಇದು ಹೋಗೂದಿಲ್ಲ," ಎಂದು ಎದ್ದಳು.

ಹೊರಗೆ ಗಿಡದ ಸುತ್ತ ಕಟ್ಟಿದ ಕಟ್ಟೆಯ ಮೇಲೆ ಕೂತೆವು. ಬಿಸಿಲು ಇನ್ನೂ ಇತ್ತು. ಎದುರಿಗೆ ಸಾವಿರಾರು ಕಾಲುಗಳು ಹಾಯುತ್ತಿದ್ದವು.

"ಆ ಕಾಗದದಾಗ ಇವತ್ತಿಂದು ಬರದಿತ್ತೇನ ಬೇ?" ಎಂದು ಮಾವಶಿ ಕೇಳಿದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಕರೆಂಟಿನ ಬಿಲ್ಲು ಎಷ್ಟು ಬಂದಿದೆ ಎಂದು ಕೇಳುತ್ತಿದ್ದ ಹಾಗೆಯೇ ಕೇಳಿದಳು.

ಹೌದು ಎನ್ನಲು ಅಲ್ಲಿ ಜಾಗವಿತ್ತು. ಇವತ್ತಿಗೂ ನಾನು ಆ ಕಟ್ಟೆಯ ಮೇಲೆ ಕೂತು ಹೌದು ಅನ್ನುತ್ತೇನೆ. ಅವತ್ತು ಅಂದದ್ದು, "ಇಲ್ಲ ಮಾವಶಿ. ನನಗೂ ಇಲ್ಲಿ ಬಂದ ಮ್ಯಾಲ ಗೊತ್ತಾತು."

ಅವಳು ಮತ್ತಷ್ಟು ಹೊತ್ತು ಕಾಲುಗಳನ್ನು ನೋಡಿದಳು.

"ಆ ಹಿಂದಿ ಹುಡುಗಿ ಚಾ ಕೊಡೂವಾಗ ಹೇಳಿದ್ಲು. ಎಲ್ಲಾ ಮೊದಲ ಬರದ ಕಳಿಸೇವಿ, ನಿಮ್ಮ ದೀದಿನ ಆಗಲಿ ಅಂತ ಉತ್ತರಾ ಬರದಾರ ಅಂತ. ನೀ ಏನ ಅಂತಿ ನೋಡೂನಂತ ಕೇಳಿದೆ."

ನನಗೆ ನಾಚಿಕೆಗಿಂತ ಮೊದಲು ಸಿಟ್ಟು ಬಂತು. "ಗೊತ್ತಾದ ಮ್ಯಾಲ ಯಾಕ ಕಲಿಸಿದಿ? ತಪ್ಪ ತೋರಿಸಿ ಏಳಬೇಕಿತ್ತು. ಯಾರಿಗೆ ತಿಳೀತಿತ್ತು?"

"ಕಲಿಯಾಕಂತ ಎದುರಿಗೆ ಬಂದ ಕುಂತಿದ್ವು. ಅವು ಏನ ಮಾಡ್ಯಾವ? ತಪ್ಪ ತೋರಸಾಕ ನನಗ ಕೈ ಬರಲಿಲ್ಲ." ಕಬ್ಬಿನ ಹಾಲಿನ ಲೋಟವನ್ನು ಕಟ್ಟೆಯ ಮೇಲಿಟ್ಟಳು. "ನಾ ಕಲಿಸಬಾರದು ಅಂತ ತಡದದ್ದು ಒಬ್ಬಾಕಿಗೆ. ನಿನಗ. ಯಾಕ ತಡದೆ ಅಂತ ನಿನಗ ಗೊತ್ತೈತಿ."

ಆಮೇಲೆ ಮೊಣಕಾಲಿಗೆ ಕೈಯೂರಿ ಎದ್ದಳು. "ನಡೀರಿ, ಹೋಗೂನು," ಅಂದಳು.

ಬಾಯಿ ತಪ್ಪಿ ಬಂದ ಮಾತು ಅಂದುಕೊಂಡೆ. ನನ್ನ ತೊಟ್ಟಿಲು ತೂಗಿದವಳು ನನಗೆ ಬಹುವಚನ ಹಚ್ಚಿದ್ದು ಅದೇ ಮೊದಲು. ವಿಮಾನದಲ್ಲಿ ಸೀಟಿನ ಪಟ್ಟಿ ಕಟ್ಟಿಕೊಡಲು ಹೋದಾಗ, "ಇರ್ಲಿ ಬಿಡ್ರಿ, ನಾ ಹಾಕ್ಕೋತೀನಿ," ಅಂದಳು. ಬಾಯಿ ತಪ್ಪಿದ್ದಲ್ಲ ಎಂದು ಆಗ ತಿಳಿಯಿತು. ಅವಳು ಮತ್ತೆಂದೂ ನನ್ನನ್ನು ಏಕವಚನದಲ್ಲಿ ಕರೆಯಲಿಲ್ಲ, ಸಲಿಗೆಯ ಆ 'ಬೇ' ಅನ್ನಲೂ ಇಲ್ಲ. ಊರಲ್ಲಿ ಬ್ಯಾಂಕಿನ ಬಾಯಾರು, ದವಾಖಾನೆಯ ಬಾಯಾರು ಇರುತ್ತಾರಲ್ಲ, ಹಾಗೆ ನಾನೂ ಅವಳಿಗೆ ಬಾಯಾರು ಆದೆ.

ಕೊಲ್ಹಾಪುರದ ಆಫೀಸು ನನ್ನ ಕೈಗೆ ಬಂತು. ಅಷ್ಟರಲ್ಲಿ ಕೊರೊನಾ ಬಂದು ಎಲ್ಲ ನಿಂತಿತು. ಮತ್ತೆ ಶುರುವಾದಾಗ ಚೀನಾದಿಂದ ಹೆಣೆದ ಏಳೆಳೆಯೇ ಸುರುಳಿ ಸುರುಳಿಯಾಗಿ ಬರತೊಡಗಿತು. ಒಂದು ದಿನದಲ್ಲಿ ಯಾರು ಕಲಿಯುತ್ತಾರೆ ಎಂದಿದ್ದ ಸಾಹುಕಾರರೇ ಅದನ್ನು ತರಿಸಿದರು. ಬೇಕಾದಷ್ಟು ಕತ್ತರಿಸಿ ಅಂಟಿಸಿದರೆ ಮುಗಿಯಿತು. ಓಣಿಯ ಹೆಂಗಸರಿಗೆ ಅಂಟು ಹಚ್ಚುವ ಕೆಲಸ ಉಳಿಯಿತು, ಅದೂ ಎಲ್ಲರಿಗೆ ಅಲ್ಲ.

ಮೊದಲ ಸಲ ಆ ಸುರುಳಿಗಳನ್ನು ಟೆಂಪೋದಲ್ಲಿ ಓಣಿಗೆ ತಂದವಳು ನಾನೇ. ಮಾವಶಿಯ ಎದುರು ಮನೆಯ ಹೆಂಗಸು, ಮೂವತ್ತು ವರ್ಷ ಅವಳ ಪಕ್ಕದಲ್ಲೇ ಕೂತು ಹೆಣೆದವಳು, ಒಂದು ಸುರುಳಿ ಬಿಚ್ಚಿ ಕೆಳಗೆ ಬೆರಳಾಡಿಸಿ ನೋಡಿದಳು. ಅದನ್ನು ಹಿಡಿದುಕೊಂಡೇ ಮಾವಶಿಯ ಮನೆಯ ಪಡಸಾಲೆಗೆ ಬಂದಳು. ನಾನು ಅಲ್ಲೇ ಇದ್ದೆ.

"ಇದು ನಿನ್ನ ಕೈ," ಅಂದಳು. "ಚೀನಾಕ್ಕ ಯಾಕ ಹೋಗಿದ್ದಿ ಅಂತ ಇವತ್ತ ತಿಳೀತ ನೋಡು. ವಿಮಾನ ಹತ್ತಿಸಿದ್ರು ಅಂತ ನಮ್ಮೆಲ್ಲಾರ ಹೊಟ್ಟಿ ಮ್ಯಾಲ ಹೊಡದ ಬಂದಿ. ನಿನ್ನ ಕೈಗೆ ಹುಳಾ ಬೀಳಲಿ."

ಮಾವಶಿ ತಲೆಯೆತ್ತಿ, "ಹೌದು, ನಾನ ಕಲಿಸಿದ್ದು," ಅಂದಳು. ನನ್ನ ಕಡೆ ತಿರುಗಿ, "ಬಾಯಾರ, ಚಾ ಆರತೈತಿ, ತಗೋರಿ," ಅಂದಳು. ನಾನು ಬಟ್ಟಲೆತ್ತಿ ಕುಡಿದೆ.

ಆಮೇಲೆ ಬೇವಿನ ಗಿಡದ ಕೆಳಗೆ ಅವಳ ಪಕ್ಕ ಯಾರೂ ಕೂರಲಿಲ್ಲ. ಎದುರು ಮನೆಯಲ್ಲಿ ಮಗಳ ಮದುವೆಯಾಯಿತು. ಆ ಹುಡುಗಿಗೆ ಹೆಣಿಗೆ ಕಲಿಸಿದ ಮಾವಶಿಗೆ ಅರಿಸಿನ ಕುಂಕುಮಕ್ಕೂ ಕರೆ ಬರಲಿಲ್ಲ. ಅಂಟು ಹಚ್ಚುವ ಕೆಲಸಕ್ಕೆ ಅವಳು ಕೈ ಹಾಕಲಿಲ್ಲ. ದ್ರಾಕ್ಷಿ ಹಂಗಾಮಿನಲ್ಲಿ ಹೆಂಗಸರ ಗಾಡಿ ಹತ್ತಿ ಕಾಗವಾಡದ ಕಡೆ ಒಣದ್ರಾಕ್ಷಿ ಶೆಡ್ಡಿಗೆ ಹೋಗತೊಡಗಿದಳು. ಅರವತ್ತೈದು ದಾಟಿತ್ತು ಆಗ. ದಿನವಿಡೀ ಕೂತು ಕಡ್ಡಿ ಕಸ ಆರಿಸುವ ಕೆಲಸ. ಗಾಡಿಯಲ್ಲೂ ಓಣಿಯವರು ಅವಳ ಜೊತೆ ಮಾತಾಡುತ್ತಿರಲಿಲ್ಲವಂತೆ. ನಾನು ಹೋದಾಗ ಪಡಸಾಲೆಯಲ್ಲಿ ಕುರ್ಚಿ ಹಾಕಿ, ತಾನು ನೆಲದ ಮೇಲೆ ಕೂರುತ್ತಿದ್ದಳು. ಯಾವ ದೇಶದವರು ಏನು ಬರೆದಿದ್ದಾರೆ ಎಂದು ಕೇಳುವುದನ್ನು ನಿಲ್ಲಿಸಿದ್ದಳು.

ನನ್ನ ಹೆಸರು ಅವಳು ಹೇಳಿಯಾಳೆಂದು ನಾನು ಒಂದು ವರ್ಷ ಹೆದರಿದೆ. ಆಮೇಲೆ ಹೇಳಲಿ ಎಂದು ಕಾದೆ. ಹೇಳಲಿಲ್ಲ. ನನ್ನನ್ನು ಉಳಿಸಬೇಕೆಂದು ಅವಳು ಬಾಯಿ ಕಟ್ಟಿಕೊಂಡಿದ್ದಳೋ, ಹೇಳುವಷ್ಟು ಬೆಲೆಯೂ ನನಗಿಲ್ಲ ಎಂದುಕೊಂಡಿದ್ದಳೋ ಇವತ್ತಿಗೂ ನನಗೆ ಗೊತ್ತಿಲ್ಲ.

ಕಳೆದ ವರ್ಷ ಕಿಡ್ನಿ ಕೈಕೊಟ್ಟು ಮಾವಶಿಯನ್ನು ಮಿರಜಿನ ದವಾಖಾನೆಗೆ ಸೇರಿಸಿದರು. ನಾನು ಹೋದೆ. ಅವಳ ಸೊಸೆ ಔಷಧ ತರಲು ಹೊರಗೆ ಹೋಗಿದ್ದಳು. ಮಾವಶಿಯ ಮುಖ ಬಾತಿತ್ತು. ನನ್ನನ್ನು ನೋಡಿ ಏಳಲು ಹೋದಳು. "ಇಷ್ಟ ದೂರ ಯಾಕ ತ್ರಾಸ ತಗೊಂಡ್ರಿ," ಅಂದ ಧ್ವನಿ ಬಹಳ ಸಣ್ಣದಾಗಿತ್ತು. ನಾನು ಮಂಚದ ಅಂಚಿಗೆ ಕೂತು ಅವಳ ಕೈ ಹಿಡಿದುಕೊಂಡೆ. ಎಳೆದುಕೊಳ್ಳಲಿಲ್ಲ.

"ಮಾವಶಿ, ಒಮ್ಮೆ ನನಗ 'ಬೇ' ಅನ್ನು," ಅಂದೆ.

ಅವಳು ನನ್ನನ್ನು ದಿಟ್ಟಿಸಿ ನೋಡಿದಳು. ಅನ್ನುತ್ತಾಳೆ ಎಂದುಕೊಂಡೆ.

"ದೊಡ್ಡ ಆಫೀಸದವರಿಗೆ ಹಂಗ ಅನಬಾರದ್ರಿ," ಅಂದು ಗೋಡೆಯ ಕಡೆ ಹೊರಳಿದಳು.

ನಾಲ್ಕು ದಿನಕ್ಕೆ ತೀರಿಕೊಂಡಳು. ಮಣ್ಣಿಗೆ ಓಣಿಯಿಂದ ಗಂಡಸರು ಬಂದರು, ಹೆಂಗಸರಲ್ಲಿ ಬಂದವರು ಕಡಿಮೆ. ಮೂರನೆಯ ದಿನದ ಕಾರ್ಯಕ್ಕೆ, ಏನಾದರಾಗಲಿ ಸತ್ತವಳ ಮೇಲೆ ಯಾಕೆ ಎಂದು ಎಲ್ಲರೂ ಬಂದು ಪಡಸಾಲೆಯಲ್ಲಿ ಕೂತರು. ಎದುರು ಮನೆಯವಳೂ ಬಂದಿದ್ದಳು. ಊಟಕ್ಕೆ ಮೊದಲು ಯಾರೋ, "ಕೈ ಚಲೋ ಇತ್ತು, ಬುದ್ಧಿ ಕೆಡಿಸ್ಕೊಂಡ್ಲು," ಅಂದರು.

ನಾನು ಎದ್ದು ನಿಂತು ಹೇಳಿದೆ. ಮೂರನೆಯ ಪ್ಯಾರಾ, ನಾನು ಬರೆದ ಉತ್ತರ, ಓದದೆ ಬಿಟ್ಟದ್ದು, ಕಟ್ಟೆಯ ಮೇಲೆ ಆಡಿದ ಸುಳ್ಳು, ಎಲ್ಲವನ್ನೂ. ಹೇಳಿ ಮುಗಿಸುವಾಗ ಎದೆಯ ಭಾರ ಇಳಿಯುತ್ತದೆ ಎಂದುಕೊಂಡಿದ್ದೆ. ಯಾರೂ ಬೈಯಲಿಲ್ಲ. ಸೊಸೆ ಬಡಿಸಲು ತಂದ ಪಾತ್ರೆ ಕೆಳಗಿಟ್ಟು ಒಳಗೆ ಹೋದಳು.

ಎದುರು ಮನೆಯವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಸೆರಗು ತೆಗೆದಳು.

"ನಾ ಆಕಿಗೆ ಕೈಗೆ ಹುಳಾ ಬೀಳಲಿ ಅಂದೆ. ಮಗಳ ಲಗ್ನಕ್ಕ ಕರೀಲಿಲ್ಲ. ನಾಕ ವರ್ಷ ಆಕಿ ಮಾರಿ ನೋಡಲಿಲ್ಲ," ಅಂದಳು. ಆಮೇಲೆ ನನ್ನನ್ನು ನೋಡಿದಳು. "ಅವತ್ತ ನೀ ಇಲ್ಲೇ ಕುಂತಿದ್ದೆಲ್ಲ. ಚಾ ಕುಡಕೋತ."

ಹೌದು, ಅಂದೆ.